ಕೆಂಗೇರಿಯ ರೋಗಿ

ಚಿನ್ನಪ್ಪ ಪಂಡಿತರು ಪಾಪಮ್ಮನ ಕೈ ಹಿಡಿದುಕೊಂಡದ್ದು ಹಾಡಹಗಲಲ್ಲಿ, ರೋಗಿಗಳು ನೋಡನೋಡುತ್ತಿದ್ದ ಹಾಗೆ. ಹೊತ್ತು ಮುಳುಗುವುದರೊಳಗೆ ಸುದ್ದಿ ಬಿನ್ನಿಪೇಟೆಯಿಂದ ಹೊಸಹಳ್ಳಿಗೆ ಬಂತು. ಗಂಡ ಸತ್ತ ಹೆಂಗಸು, ಚೀನಾ ದೇಶದ ಮುದುಕ. ಊರ ಬಾಯಿಗೆ ಅಷ್ಟು ಸಾಕಲ್ಲವೇ? ಆದರೆ ಪಾಪಮ್ಮ ಬೆಚ್ಚಿದ್ದು ಕೈ ಹಿಡಿದದ್ದಕ್ಕಲ್ಲ. ಆಗ ಪಂಡಿತರು ತನ್ನನ್ನು ನೋಡಿದ ನೋಟಕ್ಕೆ. ಅಂಥ ನೋಟವನ್ನು ಅವಳು ಹಿಂದೆ ಒಮ್ಮೆ, ತನ್ನ ಮನೆಯಲ್ಲೇ ನೋಡಿದ್ದಳು.

ಅದು ಅವಳ ಅಪ್ಪ ಮುನಿವೆಂಕಟಪ್ಪನ ನೋಟ. ಹೊಸಹಳ್ಳಿಯಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಗಟ್ಟಿ ಆಳು. ಇಸವಿ ಸಾವಿರದ ಒಂಬೈನೂರ ಐವತ್ತೊಂದು, ಐವತ್ತೆರಡರ ಹೊತ್ತಿಗೆ ಅವನಿಗೆ ಮರೆವು ಅಂಟಿಕೊಂಡಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಒಂದು ದಿನ ಉಳುತ್ತಿದ್ದ ಎತ್ತುಗಳನ್ನು ಹೊಲದಲ್ಲೇ ಬಿಟ್ಟು ಮಾಗಡಿ ರಸ್ತೆ ಹಿಡಿದು ನಡೆದುಬಿಟ್ಟ. ಹುಡುಕಿದವರಿಗೆ ಸುಂಕದಕಟ್ಟೆಯ ಹತ್ತಿರ ಸಿಕ್ಕಿದಾಗ, 'ನಮ್ಮೂರು ಎಲ್ಲಿಟ್ಟಿದೀರ?' ಎಂದು ಅವರ ಮೇಲೇ ರೇಗಿದನಂತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಪಾಪಮ್ಮನೇ ಅವನನ್ನು ನೋಡಿಕೊಳ್ಳಬೇಕಾಯಿತು. ಊರ ವೈದ್ಯರಾಯಿತು, ದೇವರಾಯಿತು, ದೊಡ್ಡಾಸ್ಪತ್ರೆಯಾಯಿತು. ಎಲ್ಲ ಕಡೆಯೂ ವಯಸ್ಸಾಯಿತು ಎಂದರು. ಕೊನೆಗೆ, ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದ ಅವಳ ಅಣ್ಣ ಚಿಕ್ಕಣ್ಣನೇ ಬಂದು ಹೇಳಿದ: 'ಬಿನ್ನಿಪೇಟೆಲಿ ಒಬ್ಬ ಚೀನಾದೋರು ಅವ್ರೆ ಕಣಮ್ಮಿ. ಮರೆವಿಗೇ ಔಷಧಿ ಕೊಡ್ತಾರಂತೆ.'

ಅವರ ಹೆಸರು ಚಿನ್ ಫಾ. ಬಿನ್ನಿಪೇಟೆಯ ಜನ ಅದನ್ನು ಚಿನ್ನಪ್ಪ ಮಾಡಿಕೊಂಡಿದ್ದರು. ಕಲ್ಕತ್ತೆಯಲ್ಲಿ ತಮ್ಮವರ ನಡುವೆ ಬಹಳ ವರ್ಷ ಇದ್ದು, ಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಬಂದವರು. ಗೋಡೆಯ ತುಂಬ ಸಣ್ಣ ಸಣ್ಣ ಖಾನೆಗಳ ಮರದ ಬೀರು, ಒಂದು ತಕ್ಕಡಿ, ಮೂಲೆಯಲ್ಲಿ ಇದ್ದಿಲ ಒಲೆ, ಇಷ್ಟೇ ಅವರ ಅಂಗಡಿ. ಮುನಿವೆಂಕಟಪ್ಪನ ಎರಡೂ ಕೈಗಳ ನಾಡಿಯನ್ನು ಮೂರು ಬೆರಳಿಟ್ಟು ಬಹಳ ಹೊತ್ತು ನೋಡಿದರು. ನಾಲಗೆ ನೋಡಿದರು. ಆಮೇಲೆ ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು.

'ಹೋಗಿದ್ದು ಬರಲ್ಲಮ್ಮ. ಇರೋದು ಬೇಗ ಹೋಗಬಾರದು. ಅದಕ್ಕೆ ಔಷಧಿ.'

ಅಷ್ಟು ನೇರವಾಗಿ ಅಲ್ಲಿಯವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಅವರು ಖಾನೆಗಳಿಂದ ಒಂದೊಂದೇ ತೆಗೆದು ಕಾಗದದ ಮೇಲೆ ಹಾಕುತ್ತಿದ್ದಾಗ ಅವಳು ಒಂದು ಬೇರನ್ನು ಮೂಸಿ, 'ಇದು ಬಜೆ ಅಲ್ವಾ? ಮಾತು ಚೆನ್ನಾಗಿ ಬರ್ಲಿ ಅಂತ ಎಳೆಮಕ್ಕಳ ನಾಲಗೆಗೆ ತೇದು ಹಾಕ್ತೀವಲ್ಲ!' ಎಂದಳು. 'ನಮ್ಮ ಕಡೆ ಮುದುಕರಿಗೆ' ಎಂದು ಪಂಡಿತರು ನಕ್ಕರು. ಸುರುಳಿಯಾಗಿ ಒಣಗಿದ್ದ ಇನ್ನೊಂದು ಬೇರಿಗೆ ತಮ್ಮ ಭಾಷೆಯಲ್ಲಿ 'ದೂರದ ಮನಸ್ಸು' ಎಂಬ ಅರ್ಥದ ಹೆಸರಿದೆ ಎಂದರು.

ಕಷಾಯ ಕುಡಿಯತೊಡಗಿದ ಮೇಲೆ ಮುನಿವೆಂಕಟಪ್ಪನಿಗೆ ನಿದ್ದೆ ಹತ್ತಿತು, ಕೂಗಾಟ ತಗ್ಗಿತು. ಔಷಧಿಯಿಂದಲೋ, ಅವನ ಮೈಯಲ್ಲಿ ಕಸುವು ಮುಗಿಯುತ್ತ ಬಂದದ್ದರಿಂದಲೋ, ಪಾಪಮ್ಮ ಎಂದೂ ಖಚಿತವಾಗಿ ಹೇಳಲಿಲ್ಲ. ಕೊನೆಗಾಲದಲ್ಲಿ ಅವನು ಮಗಳ ಮುಖವನ್ನು ದಿಟ್ಟಿಸಿ ನೋಡಿ, ನಡುಗುವ ಬೆರಳುಗಳಿಂದ ಅವಳ ಕೈ ಹುಡುಕಿ, 'ಅವ್ವಾ, ಮನೆಗೆ ಹೋಗಣ' ಎನ್ನುತ್ತಿದ್ದ. ತನ್ನ ಮನೆಯ ಜಗುಲಿಯ ಮೇಲೇ ಕೂತು.

ಅಪ್ಪ ಹೋದ ಮೇಲೆ ಪಂಡಿತರು ಅವಳನ್ನು ಕೆಲಸಕ್ಕೆ ಕರೆದರು. ಬೇರು ಕುಟ್ಟುವುದು, ಮಣ್ಣಿನ ಮಡಕೆಗಳಲ್ಲಿ ಕಷಾಯ ಕಾಯಿಸುವುದು. ಊರಿನವರು ಮೂಗು ಮುರಿದರು. ಅವರು ಏನು ತಿನ್ನುತ್ತಾರೋ, ಯಾವ ದೇವರೋ ಎಂದರು. ಪಾಪಮ್ಮ ಮೊದಮೊದಲು ಅಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ವರ್ಷ ಕಳೆಯುವುದರೊಳಗೆ ಅವರು ಹಾಲಿಲ್ಲದೆ ಮಾಡುವ ಆ ಚಪ್ಪೆ ಟೀಯನ್ನು ಬೈದುಕೊಂಡೇ ಕುಡಿಯುತ್ತಿದ್ದಳು.

ಬೆಳಿಗ್ಗೆ ಮೊದಲ ಮಡಕೆ ಯಾವಾಗಲೂ ಕೆಂಗೇರಿಯ ರೋಗಿಯದು. ಅವಳ ಅಪ್ಪನಿಗೆ ಕೊಟ್ಟಿದ್ದ ಅದೇ ಮದ್ದು. ಪಂಡಿತರು ಅದನ್ನು ಮುಚ್ಚಳದ ಪಾತ್ರೆಗೆ ಸೋಸಿಕೊಂಡು ಬೆಳಗಿನ ರೈಲಿಗೆ ತಾವೇ ಒಯ್ಯುತ್ತಿದ್ದರು. ಬಿಸಿಲೇರುವ ಹೊತ್ತಿಗೆ ಖಾಲಿ ಪಾತ್ರೆಯೊಂದಿಗೆ ಬಂದು ಅಂಗಡಿ ತೆರೆಯುತ್ತಿದ್ದರು.

'ಯಾರು ಪಂಡಿತ್ರೇ ಅವ್ರು? ಒಂದಿನಾನೂ ಇಲ್ಲಿಗೆ ಬರಲಿಲ್ವಲ್ಲ' ಎಂದು ಅವಳು ಕೇಳಿದ್ದಳು.

'ಮರ್ಯಾದಸ್ತ ಮನುಷ್ಯ. ಕಾಯಿಲೆ ಅಂತ ಜನಕ್ಕೆ ಗೊತ್ತಾದರೆ ನಾಚಿಕೆ' ಎಂದಿದ್ದರು. ಅವಳು ಮತ್ತೆ ಕೇಳಲಿಲ್ಲ.

ಐವತ್ತೇಳರ ಮಾಗಿಯಲ್ಲಿ, ಪಂಡಿತರು ಕೈ ಹಿಡಿದುಕೊಂಡ ಆ ದಿನ ಬಂತು. ರಾಜಾಜಿನಗರದಲ್ಲಿ ಆಗತಾನೆ ಮನೆ ಮಾಡಿದ್ದ, ದಾವಣಗೆರೆ ಕಡೆಯ ರೇವಣಸಿದ್ದಯ್ಯ ಎಂಬ ನಿವೃತ್ತ ಮೇಷ್ಟರನ್ನು ಅವರ ಹೆಂಡತಿ ನೀಲಮ್ಮ ಕರೆತಂದಿದ್ದರು. ಪಂಡಿತರು ಮೇಷ್ಟರ ನಾಡಿ ನೋಡಿ, ಎದ್ದು ಬೀರುವಿನ ಕಡೆ ಹೋಗಿ, ತಿರುಗಿ ಬಂದವರೇ ನೀಲಮ್ಮನವರ ಮುಂದೆ ಕೂತು 'ಕೈ ಕೊಡಿ' ಎಂದರು.

'ಅಯ್ಯ, ನನಗೇನಾಗಿಲ್ರೀ! ಕಾಯಿಲೆ ನಮ್ಮ ಯಜಮಾನರಿಗೆ. ಈಗ ನೋಡಿದ್ರಲ್ರೀ?'

ಪಂಡಿತರು ನಕ್ಕರು. ತಮಾಷೆ ಇರಬೇಕೆಂದು ಪಾಪಮ್ಮನೂ ನಕ್ಕಳು. ಅವರು ಮತ್ತೆ ಬೀರುವಿನ ಹತ್ತಿರ ಹೋಗಿ ಒಂದು ಖಾನೆ ಎಳೆದು ಹಿಡಿ ಬೇರು ತೂಗಿ ಕಾಗದಕ್ಕೆ ಹಾಕಿದರು. ಮತ್ತೆ ಅದೇ ಖಾನೆ, ಅದೇ ಬೇರು. ಮತ್ತೆ ಅದೇ. ಕಾಗದದ ಮೇಲೆ ಗುಡ್ಡೆಯಾಯಿತು.

'ಪಂಡಿತ್ರೇ, ಅದನ್ನ ಹಾಕಾಯ್ತಲ್ಲ' ಎಂದಳು ಪಾಪಮ್ಮ. ಅವಳ ನಗು ಅಷ್ಟರಲ್ಲಿ ನಿಂತಿತ್ತು.

ಅವರು ತಿರುಗಿದರು. ಕೈಲಿದ್ದ ತಕ್ಕಡಿ ಕೆಳಗೆ ಬಿತ್ತು. ತಾವೇ ಮಾಡಿಸಿದ ಬೀರುವನ್ನು ಮೊದಲ ಸಲ ಕಾಣುವವರಂತೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಪಾಪಮ್ಮನನ್ನು ನೋಡಿ, ನೇರ ಬಂದು ಅವಳ ಎರಡೂ ಕೈ ಹಿಡಿದುಕೊಂಡು, ತಮ್ಮ ಭಾಷೆಯಲ್ಲಿ ಏನೇನೋ ಹೇಳುತ್ತ ಮಗುವಿನ ಹಾಗೆ ಅತ್ತರು. ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು. 'ಅಮೆ, ಅಮೆ' ಎನ್ನುತ್ತಿದ್ದರು.

ನೀಲಮ್ಮನವರು 'ಶಿವಶಿವಾ' ಎಂದು ಗಂಡನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಬಾಗಿಲಲ್ಲಿ ಕಾಯುತ್ತಿದ್ದವರೂ ಎದ್ದರು. ಪಾಪಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳಬೇಕೆಂಬುದೇ ಅವಳಿಗೆ ಹೊಳೆಯಲಿಲ್ಲ. ನಾಲ್ಕು ಊರಿನ ಮರೆವಿಗೆ ಮದ್ದು ಕೊಡುವವರಿಗೇ ಹೀಗಾದರೆ?

ಅಣ್ಣ ಚಿಕ್ಕಣ್ಣ ಮನೆಯಲ್ಲಿ ಕಾಯುತ್ತಿದ್ದ. 'ನಾಳೆಯಿಂದ ಆ ಕಡೆ ಕಾಲಿಟ್ರೆ ನೋಡು. ಊರಲ್ಲಿ ತಲೆ ಎತ್ತಂಗಿಲ್ಲ ನಾನು.'

'ಅಣ್ಣ, ಅವ್ರಿಗೆ ಅಪ್ಪನ್ ಕಾಯಿಲೆ ಬಂದೈತೆ.'

'ಏನಂದೆ?'

'ಅಪ್ಪನ್ ಕಾಯಿಲೆ. ಅಪ್ಪ ನನ್ನ ಕೈ ಹಿಡ್ಕಂಡು ಅವ್ವಾ ಅಂತಿರ್ಲಿಲ್ವಾ? ಹಂಗೇ ನೋಡಿದ್ರು.'

ಅಪ್ಪನನ್ನು ಆ ಪಂಡಿತರ ಹತ್ತಿರ ಕಳಿಸಿದವನು ತಾನೇ ಎಂಬುದು ಚಿಕ್ಕಣ್ಣನಿಗೆ ನೆನಪಾಯಿತೋ ಏನೋ. ಬೆಳಗಾದ ಮೇಲೆ ತಂಗಿಯ ಜೊತೆ ತಾನೂ ಹೊರಟ.

ಪಂಡಿತರ ತಂಗಿಯ ಮಗ ಲಿಯೋಂಗ್ ಎಂಬವನು ಶಿವಾಜಿನಗರದಲ್ಲಿ ಹಲ್ಲು ಕಟ್ಟುವ ಅಂಗಡಿ ಇಟ್ಟಿದ್ದ. ಚಿಕ್ಕಣ್ಣ ಅವನನ್ನು ಹುಡುಕಿ ಕರೆತಂದ. ಲಿಯೋಂಗ್ ಮೊದಲು ನಂಬಲಿಲ್ಲ. 'ಮಾಮನಿಗಾ? ನಮ್ಮ ಫ್ಯಾಮಿಲೀಲಿ ಎಲ್ಲರ ಹುಟ್ಟಿದ ಹಬ್ಬ ಬಾಯಲ್ಲೇ ಹೇಳ್ತಾರೆ ಅವರು!' ಒಳಗೆ ಹೋದ. ಪಂಡಿತರು ಅವನಿಗೆ ಬಗ್ಗಿ ನಮಸ್ಕರಿಸಿ, ಅಪರಿಚಿತ ಗಿರಾಕಿಯನ್ನು ಕೂರಿಸುವಂತೆ ಬೆಂಚು ತೋರಿಸಿದರು. ಲಿಯೋಂಗ್ ಹೊರಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಪಾಪಮ್ಮ ತಾನು ಕೇಳಿಸಿಕೊಂಡ ಆ ಮಾತಿನ ಅರ್ಥ ಕೇಳಿದಾಗ, 'ಅಮೆ ಅಂದರೆ ನಮ್ಮಲ್ಲಿ ತಾಯಿ' ಎಂದ.

ಅವನು ಮಾಮನನ್ನು ತನ್ನ ಮನೆಗೆ ಕರೆದೊಯ್ದ. ಅಂಗಡಿಗೆ ಬೀಗ ಬಿತ್ತು. ಬೀಗದ ಕೈ ಪಾಪಮ್ಮನ ಹತ್ತಿರವೇ ಇತ್ತು.

ಆಗ ಅವಳಿಗೆ ಕೆಂಗೇರಿಯ ರೋಗಿಯ ಚಿಂತೆ ಹತ್ತಿತು. ಪಾಪ, ಆ ಯಜಮಾನರು ಮದ್ದಿಲ್ಲದೆ ಏನಾದರೋ! ಮಾರನೆಯ ಬೆಳಿಗ್ಗೆ ಅಂಗಡಿ ತೆರೆದು, ಮಡಕೆಯಲ್ಲಿ ಎಂದಿನಂತೆ ಕಷಾಯ ಕಾಯಿಸಿ, ಅದೇ ಪಾತ್ರೆಗೆ ಸೋಸಿಕೊಂಡು ರೈಲು ಹತ್ತಿದಳು. ಒಬ್ಬಳೇ ರೈಲು ಹತ್ತಿದ್ದು ಅದೇ ಮೊದಲು.

ಕೆಂಗೇರಿಯಲ್ಲಿಳಿದು ಕಂಡವರನ್ನೆಲ್ಲ ಕೇಳಿದಳು. ಚೀನಾ ಔಷಧಿ ಕುಡಿಯುವ, ಮರೆವಿನ ಯಜಮಾನರು? ಅಂಥವರು ಯಾರೂ ಇಲ್ಲ ಎಂದರು. ಪಟೇಲರ ಮನೆಯಲ್ಲೂ ಇಲ್ಲವೆಂದರು. ಕೆರೆಯ ಕಡೆ ಹೋದಾಗ, ಏರಿಯ ಕೆಳಗೆ ಎಮ್ಮೆ ಮೇಯಿಸುತ್ತಿದ್ದ ಬೋರಮ್ಮ ಎಂಬ ಮುದುಕಿ ಅವಳ ಕೈಯಲ್ಲಿದ್ದ ಪಾತ್ರೆಯನ್ನೇ ನೋಡುತ್ತ, 'ಇದು ಚೀನಾ ತಾತನ ಪಾತ್ರೆ ಅಲ್ವೇನವ್ವಾ?' ಎಂದಳು.

'ಹೌದವ್ವ. ಅವ್ರು ಯಾರ ಮನೆಗೆ ಬರ್ತಿದ್ರು?'

'ಯಾರ ಮನೆಗೂ ಇಲ್ಲ. ಇಲ್ಲೇ ಏರಿ ಮೇಲೆ ಕೂತ್ಕಂಡು, ಪಾತ್ರೆಲಿದ್ದುದ್ನ ತಾವೇ ಕುಡಿಯೋರು. ಮುಖ ಕಿವುಚ್ಕಂಡು ಕುಡಿಯೋರು. ಆಮೇಲೆ ಎದ್ದೋಗೋರು. ಎರಡ್ ವರ್ಸದಿಂದ ನೋಡ್ತಾ ಇವ್ನಿ.'

ಪಾಪಮ್ಮ ಕೈಯಲ್ಲಿದ್ದ ಪಾತ್ರೆಯನ್ನು ನೆಲದ ಮೇಲಿಟ್ಟಳು.

'ಈಚೀಚೆಗೆ ಟೇಸನ್ನಿಗೆ ದಾರಿ ಯಾವ್ದು ಅಂತ ಕೇಳೋರು. ದಿನಾ ಬರೋ ದಾರಿ ಕಣವ್ವ! ನಾನೇ ಎಷ್ಟೋ ದಿನ ಬಿಟ್ಟು ಬಂದಿವ್ನಿ. ಮೊನ್ನೆ ಕೂತೋರು ಏಳಲೇ ಇಲ್ಲ. ಮೈ ಹುಷಾರಿಲ್ವಾ ತಾತ ಅಂದ್ರೆ, ಅತ್ತುಬಿಟ್ರು. ನಾನೇ ಕೈ ಹಿಡ್ದು ರೈಲು ಹತ್ಸಿ ಬಂದೆ.'

ಪಾಪಮ್ಮ ಕುಸಿದು ಕೂತಳು. ಎರಡು ವರ್ಷ ತಾನೇ ಕಾಯಿಸಿದ್ದಳು, ತಾನೇ ಸೋಸಿದ್ದಳು. ಕಾಯಿಲೆ ತಮಗೆ ಹಿಡಿದದ್ದು ಪಂಡಿತರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು. ಅದು ಹೇಗೆ ಬರುತ್ತದೆ, ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಅವರಷ್ಟು ತಿಳಿದವರು ಯಾರು? ತಿಳಿದೂ ತಿಳಿದೂ ಯಾರ ಕಣ್ಣಿಗೂ ಬೀಳದ ಹಾಗೆ ಇಷ್ಟು ದೂರ ಬಂದು, ಒಬ್ಬರೇ ಕೂತು ಕುಡಿದಿದ್ದರು. ತನಗೂ ಹೇಳಿರಲಿಲ್ಲ. ಅಪ್ಪನನ್ನು ಕಣ್ಣಾರೆ ನೋಡಿದ್ದ ತನಗೆ ಹೇಳದಿದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ. ಬೋರಮ್ಮ ಗಾಬರಿಯಾಗಿ ಕೆರೆಯಿಂದ ಬೊಗಸೆಯಲ್ಲಿ ನೀರು ತಂದು ಅವಳ ಮುಖಕ್ಕೆ ಚಿಮುಕಿಸಿದಳು.

ಮಾರನೆಯ ದಿನದಿಂದ ಪಾಪಮ್ಮ ಶಿವಾಜಿನಗರಕ್ಕೆ ಹೋಗತೊಡಗಿದಳು. ಲಿಯೋಂಗನ ಅಡಿಗೆಮನೆಯಲ್ಲೇ ಕಷಾಯ ಕಾಯಿಸಿ ಪಂಡಿತರ ಮುಂದಿಟ್ಟಳು. ಮೊದಲ ದಿನ ಅವರು ಅದನ್ನು ಮೂಸಿ, ಹೆದರಿ, ಸುತ್ತ ನೋಡಿದರು.

'ಯಾರಿಗೂ ಗೊತ್ತಾಗಲ್ಲ, ಕುಡೀರಿ ಪಂಡಿತ್ರೇ' ಎಂದಳು ಅವಳು.

ಆಗ ಕುಡಿದರು. ಕನ್ನಡ ಅವರ ಬಾಯಿಂದ ಪೂರ್ತಿ ಹೋಗಿತ್ತು. ಅವರು ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು, ಅವಳು ಹೊಸಹಳ್ಳಿಯ ಸುದ್ದಿ ಹೇಳುತ್ತಿದ್ದಳು. ಯಾರ ಮನೆಯ ಎಮ್ಮೆ ಈದಿತು, ಯಾರ ಹೊಲವನ್ನು ಹೊಸ ಬಡಾವಣೆಗೆ ಅಳೆದುಕೊಂಡು ಹೋದರು. ಇಬ್ಬರಿಗೂ ಅರ್ಥವಾಗುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಒಂದೊಂದು ದಿನ ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿಯುತ್ತಿದ್ದರು. ಬೆರಳು ಸರಿಯಾದ ಜಾಗಕ್ಕೇ ಹೋಗುತ್ತಿತ್ತು.

ಐವತ್ತೊಂಬತ್ತರ ಮಳೆಗಾಲದಲ್ಲಿ ಪಂಡಿತರು ತೀರಿಕೊಂಡರು. ಬೀರುವನ್ನು ಲಿಯೋಂಗ್ ಕಲ್ಕತ್ತೆಗೆ ಕಳಿಸಿದ. ಬೇಕಾದ್ದು ತೆಗೆದುಕೊಳ್ಳಿ ಎಂದರೂ ಪಾಪಮ್ಮ ಏನನ್ನೂ ಮುಟ್ಟಲಿಲ್ಲ.

ಆಮೇಲೆ ಸುತ್ತಿನ ಹಳ್ಳಿಗಳ ಜನ, ಮರೆವು ಹತ್ತಿದ ತಮ್ಮ ಹಿರಿಯರಿಗಾಗಿ ಆ ಚೀನಾ ಔಷಧಿ ಕೇಳಿಕೊಂಡು ಅವಳ ಬಾಗಿಲಿಗೆ ಬರತೊಡಗಿದರು. 'ನಂಗೆ ಕಾಯಿಸಕ್ಕೆ ಗೊತ್ತು. ನಾಡಿ ನೋಡಿ ಕೊಡಕ್ಕೆ ಗೊತ್ತಿಲ್ಲ' ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದಳು. ಬಂದವರು ಎದ್ದು ಹೊರಟಾಗ ಸೆರಗು ಸರಿಮಾಡಿಕೊಂಡು ತಾನೂ ಏಳುತ್ತಿದ್ದಳು. 'ನಡೀರಿ, ಹೆಂಗವ್ರೆ ನೋಡ್ಕಂಡು ಬರಣ. ಅವ್ರು ನಿಮ್ಮನ್ನ ಯಾರು ಅಂತ ಕರುದ್ರೂ ಹೂಂ ಅನ್ನಿ. ಅಲ್ಲ ಅನ್ಬೇಡಿ.'