ಕೆನ್ನೆ ತುಂಬಿಸಿದ ಎಣ್ಣೆ

ಕೂಸಿನ ಸಾಮಾನು ಮಾರುವ ಕಂಪನಿಗಳ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಗಳು ಬಾಣಂತನಕ್ಕೆಂದು ಆಳಂದದ ನಮ್ಮ ಮನೆಗೆ ಬಂದಾಗ, ಕೂಸು ನೋಡಲು ಬಂದವರೆಲ್ಲ ಒಂದೊಂದು ಪೆಟ್ಟಿಗೆ ಹಿಡಿದುಕೊಂಡೇ ಬಂದರು. ಪೌಡರು, ಸಾಬೂನು, ಲೋಷನ್ನು, ಮಸಾಜಿನ ಎಣ್ಣೆ, ಕಣ್ಣೀರು ತರಿಸದ ಶಾಂಪೂ. ಹುಟ್ಟಿ ಹನ್ನೆರಡು ದಿನವಾದ ಹುಡುಗನ ತಲೆಯಲ್ಲಿ ನಾಲ್ಕು ಕೂದಲಿಲ್ಲ, ಅದಕ್ಕೆ ಶಾಂಪೂ ಬೇರೆ ಕೇಡು! ಪೆಟ್ಟಿಗೆಯ ಮೇಲೆ ನಮ್ಮ ಸೀಮೆಯಲ್ಲಿ ಎಂದೂ ಹುಟ್ಟದ ಬಣ್ಣದ ಒಂದು ಮಗು, ಅದರ ಪಕ್ಕದಲ್ಲಿ ಒಂದು ಹಸಿರು ಎಲೆ. ಎಲೆ ಒಂದಿದ್ದರೆ ಸಾಕು, ಜನ ಕಣ್ಣು ಮುಚ್ಚಿ ಖರೀದಿಸುತ್ತಾರೆ.

ನಾನು ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅಲ್ಲಿಯೂ ಇಲ್ಲಿಯೂ ಜನ ನನ್ನನ್ನು ಕರೆಯುವುದು ಅಕ್ಕೋರು ಅಂತಲೇ. ಓದದೆ ಯಾವುದನ್ನೂ ಬಾಯಿಗೆ ಹಾಕಬಾರದು, ಮೈಗೆ ಹಚ್ಚಬಾರದು ಅಂತ ಹೇಳಿ ಹೇಳಿ ಅದು ನನಗೇ ಚಟವಾಗಿತ್ತು. ಭೂತಗನ್ನಡಿ ಹಿಡಿದು ಪಡಸಾಲೆಯಲ್ಲಿ ಕೂತು, ಪೆಟ್ಟಿಗೆಯ ಹಿಂಬದಿಯನ್ನು ತಂದವರಿಗೇ ಕೇಳುವಂತೆ ಓದುತ್ತಿದ್ದೆ. ಮುಂದೆ ದಪ್ಪ ಅಕ್ಷರದಲ್ಲಿ ‘ಪ್ಯಾರಾಬೆನ್ ಇಲ್ಲ’. ಹಿಂದೆ ಇರುವೆ ಕಾಲಿನಂಥ ಅಕ್ಷರದಲ್ಲಿ, ಸಾಮಾನು ಕೆಡದಂತೆ ಅದರ ಬದಲು ಹಾಕಿದ ಇನ್ನೊಂದು ರಾಸಾಯನಿಕದ ಹೆಸರು. ‘ಸುಗಂಧ’ ಅಂತ ಒಂದೇ ಪದ. ಆ ಒಂದು ಪದದ ಹೊಟ್ಟೆಯಲ್ಲಿ ಏನೇನು ತುರುಕಿದ್ದಾರೋ ಹೇಳುವವರಿಲ್ಲ. ‘ಚರ್ಮತಜ್ಞರು ಪರೀಕ್ಷಿಸಿದ್ದು’ ಅಂತ ಮತ್ತೊಂದು. ಯಾವ ತಜ್ಞ, ಯಾರ ಚರ್ಮ, ಪರೀಕ್ಷೆಯಲ್ಲಿ ಪಾಸಾಯಿತೋ ಫೇಲಾಯಿತೋ, ಅದನ್ನು ಬರೆಯಲು ಮಾತ್ರ ಅವರಿಗೆ ಜಾಗ ಸಾಲಲಿಲ್ಲ. ಪೌಡರಿನ ಧೂಳು ಉಸಿರಿನ ಜೊತೆ ಕೂಸಿನ ಎದೆಗೆ ಇಳಿಯುತ್ತದೆ ಅಂದದ್ದಕ್ಕೆ, ಪೌಡರು ತಂದಿದ್ದ ನಾದಿನಿ ಮುಖ ಊದಿಸಿಕೊಂಡು ಚಹಾ ಕುಡಿಯದೆ ಹೋದಳು. ಹೋದರೆ ಹೋಗಲಿ ಅಂದೆ.

ಅಳಿಯನದು ಇನ್ನೊಂದು ನಮೂನೆ. ಅಫಜಲಪುರದವನು, ಓದಿದವನು, ಆದರೆ ಓದುವುದೆಲ್ಲ ಫೋನಿನಲ್ಲೇ. ವಾರಕ್ಕೊಂದು ಕ್ರೀಮು ತರಿಸಿ ಕಳಿಸುತ್ತಿದ್ದ, ಕಳಿಸಿ ಫೋನು ಮಾಡುತ್ತಿದ್ದ.

“ಅತ್ತಿಯವ್ರೆ, ಇದು ಛಲೋ ಅದರಿ. ಹತ್ತಕ್ಕ ಒಂಬತ್ತು ಮಾರ್ಕ್ಸ್ ಬಂದಾವ, ಫೋನಿನ್ಯಾಗ ತೋರಸ್ತದ.”

“ಮಾರ್ಕ್ಸ್ ಕೊಟ್ಟವ್ರು ಯಾರ್ರಿ? ನಾನೂ ಮೂವತ್ತು ವರ್ಷ ಮಾರ್ಕ್ಸ್ ಕೊಟ್ಟೇನಿ. ಹೆಂಗ್ ಕೊಡ್ತಾರ ಅಂತ ನನಗ ಹೇಳಾಕ ಬರಬ್ಯಾಡ್ರಿ.”

ಅವನು ನಕ್ಕುಬಿಡುತ್ತಿದ್ದ. ಕ್ರೀಮು ನೇರ ಕಸದ ಬುಟ್ಟಿಗೆ ಹೋಗುತ್ತಿತ್ತು. ಮಗಳು “ಅವ್ವಾ, ಒಂದರೆ ಇಟ್ಕೋಬೇ” ಅಂದರೂ ನಾನು ಕೇಳುತ್ತಿರಲಿಲ್ಲ.

ಒಂದೂವರೆ ತಿಂಗಳಾಗುವ ಹೊತ್ತಿಗೆ ಹುಡುಗನ ಕೆನ್ನೆಯ ಮೇಲೆ, ತೊಡೆಯ ಸಂದಿಯಲ್ಲಿ ಕೆಂಪು ಗುಳ್ಳೆ ಎದ್ದವು. ಬರೀ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ, ಕಡಲೆಹಿಟ್ಟು ಬಿಟ್ಟು ಬರೀ ನೀರಿನಲ್ಲಿ ಎರೆದು ನೋಡಿದೆ. ಕಡಿಮೆಯಾಗಲಿಲ್ಲ. ಓಣಿಯ ಹೆಂಗಸರೆಲ್ಲ ಒಂದೇ ಮಾತು ಹೇಳಿದರು: ಪಕ್ಕದ ಹಳ್ಳಿ ಕಿಣ್ಣಿ ಸುಲ್ತಾನದ ಆಯಿಯನ್ನು ಕರೆಸು, ಆಕೆಯ ಕೈಗುಣ ಅಂಥದ್ದು. ಆಯಿ ಅಂದರೆ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವ ಮುದುಕಿ. ಮುಂಜಾನೆಯ ಬಸ್ಸಿಗೆ ಆಳಂದಕ್ಕೆ ಬಂದು ಎರಡು ಮನೆಯ ಕೂಸುಗಳಿಗೆ ಎರೆದು ಹೋಗುತ್ತಿದ್ದಳು. ನಮ್ಮದು ಮೂರನೆಯ ಮನೆಯಾಯಿತು.

ಬಚ್ಚಲಲ್ಲಿ ಕಾಲು ಚಾಚಿ ಕೂತು, ಹುಡುಗನನ್ನು ಮೊಳಕಾಲಿನ ಮೇಲೆ ಬೋರಲು ಹಾಕಿಕೊಂಡಳು. ಸೀರೆಯ ಗಂಟಿನಿಂದ ಒಂದು ಗಾಜಿನ ಬಾಟಲಿ ತೆಗೆದಳು. ಅದರ ಮೇಲೆ ಕಾಗದವಿಲ್ಲ, ಅಕ್ಷರವಿಲ್ಲ.

“ಏನ್ ಹಾಕೀರಿ ಆಯಿ ಇದರಾಗ?” ಅಂದೆ.

“ಬೇರು ಅದಾವ್ರಿ ಅಕ್ಕೋರೆ. ನಮ್ಮತ್ತಿ ಹೇಳಿಕೊಟ್ಟಿದ್ದು. ಹೆಸರು ಹೇಳಬಾರದ್ರಿ, ಹೇಳಿದ್ರ ಗುಣ ಹೋಗ್ತದ.”

ನಮ್ಮ ಕಡೆ ನಾಟಿ ಔಷಧ ಕೊಡುವವರೆಲ್ಲ ಹೀಗೇ ಅನ್ನುವುದು. ಬೇರಿನ ಹೆಸರು ಬಾಯಿಂದ ಬಿದ್ದರೆ ಅದರ ಶಕ್ತಿ ಬಿದ್ದ ಹಾಗೆ. ಹೈಸ್ಕೂಲಿನಲ್ಲಿ ಒಬ್ಬ ಹುಡುಗ ಈ ಮಾತು ಆಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದರೆ ಆ ಮುಂಜಾನೆ ನನಗೆ ಅದು ಸರಿಯೆನಿಸಿತು. ಯಾಕೆ ಅಂತ ಈಗ ಹೇಳುತ್ತೇನೆ, ನಾಚಿಕೆಯಾದರೂ ಹೇಳುತ್ತೇನೆ: ಓದಲು ಏನೂ ಇಲ್ಲದ್ದರಿಂದ ಬೈಯಲೂ ಏನೂ ಸಿಗಲಿಲ್ಲ.

ಎರಡೇ ದಿನ. ಗುಳ್ಳೆ ಮಂಗಮಾಯ. ಕೆನ್ನೆ ಬೆಣ್ಣೆಯಷ್ಟು ನುಣುಪಾಯಿತು. ಅಳಿಯನಿಗೆ ನಾನೇ ಫೋನು ಮಾಡಿ, ನಿಮ್ಮ ಒಂಬತ್ತು ಮಾರ್ಕಿನ ಕ್ರೀಮುಗಳನ್ನು ಇನ್ನು ನಿಮ್ಮ ಮುಖಕ್ಕೇ ಹಚ್ಚಿಕೊಳ್ಳಿರಿ ಅಂದೆ. ಆಯಿ ದಿನಾ ಬಂದಳು, ದಿನಾ ತಲೆಯಿಂದ ಕಾಲಿನವರೆಗೆ ತಿಕ್ಕಿ ಎರೆದಳು. ನಡುವೆ ಒಮ್ಮೆ ಮೂರು ದಿನ ಬರಲಿಲ್ಲ. ಗುಳ್ಳೆ ಮೊದಲಿಗಿಂತ ಕೆಂಪಾಗಿ ಎದ್ದವು. ಮತ್ತೆ ಬಂದು ಹಚ್ಚಿದಳು, ಮತ್ತೆ ಹೋದವು. ಎಣ್ಣೆಯ ಶಕ್ತಿ ನೋಡು ಅಂತ ಮಗಳಿಗೆ ಹೇಳಿದೆ. ವಿಜ್ಞಾನದ ಅಕ್ಕೋರು!

ಹುಡುಗ ತುಂಬಿಕೊಂಡ. ಕೆನ್ನೆ ಎರಡೂ ಉಬ್ಬಿ ಕಣ್ಣು ಸಣ್ಣವಾದವು, ಗದ್ದದ ಕೆಳಗೆ ಮಡಿಕೆ ಬಿದ್ದವು. ಅಫಜಲಪುರದಿಂದ ಬೀಗತಿ ಬಂದವಳು ಮೊಮ್ಮಗನನ್ನು ನೋಡಿ ಬಾಯಿ ಬಿಟ್ಟಳು.

“ಅಯ್ಯ ನಮ್ಮವ್ವ, ಬೆಲ್ಲದ ಪೆಂಟಿ ಆಗ್ಯಾನಲ್ರಿ! ಏನ್ ಹಾಕಿ ಬೆಳಸಾಕತ್ತೀರಿ?”

“ಏನೂ ಇಲ್ರಿ. ಕಂಪನಿ ಸಾಮಾನು ಹೊಸ್ತಿಲ ದಾಟಿಸಿಲ್ಲ, ಅಷ್ಟ.”

ಆಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಬೀಗರ ಬಾಯಿಂದ ಹೊಗಳಿಕೆ ಬರುವುದು ಅಂದರೆ ಸುಮ್ಮನೆಯೇ? ಎಂಟು ದಿನ ನಾನು ಆ ಮಾತಿನ ಮೇಲೆಯೇ ಬದುಕಿದೆ.

ಮಗಳಿಗೆ ಮಾತ್ರ ಸಮಾಧಾನವಿರಲಿಲ್ಲ. “ಅವ್ವಾ, ಅಂಗಿ ಎದಿಗೆ ಬಿಗಿ ಆಗ್ಯದ, ಉದ್ದಕ್ಕ ಹಂಗೇ ಅದ ನೋಡು. ಹಣಿ ಮ್ಯಾಲ ಕೂದಲ ಬೇರೆ ಬರಾಕತ್ತಾವ” ಅಂದಳು. ನಿಮ್ಮಪ್ಪನ ಕಡೆಯವರಿಗೆಲ್ಲ ಮೈತುಂಬ ಕೂದಲೇ ಅಂತ ಅವಳ ಬಾಯಿ ಮುಚ್ಚಿಸಿದೆ. ಅವಳು ನನ್ನ ಮಾತು ಕೇಳಲಿಲ್ಲ, ಅದೊಂದು ಪುಣ್ಯ. ಮೂರೂವರೆ ತಿಂಗಳಿನ ಲಸಿಕೆಯನ್ನು ಕಲಬುರಗಿಯ ಮಕ್ಕಳ ಡಾಕ್ಟರ ಹತ್ತಿರವೇ ಹಾಕಿಸಬೇಕು ಅಂತ ಹಟ ಹಿಡಿದಳು. ಹೋದೆವು.

ಡಾಕ್ಟರು ನನ್ನ ಮಗಳ ವಯಸ್ಸಿನ ಹೆಂಗಸು. ಸೂಜಿ ಚುಚ್ಚುವ ಬದಲು ಹುಡುಗನ ಅಂಗಿ ಬಿಚ್ಚಿಸಿ ಬಹಳ ಹೊತ್ತು ನೋಡಿದಳು. ತೊಡೆಯ ಚರ್ಮ ಎಳೆದು ನೋಡಿದಳು. ಒಳಗಿನ ನರಗಳು ನೀಲಿಯಾಗಿ ಕಾಣುತ್ತಿದ್ದವು.

“ಯಾವ ಮುಲಾಮು ಹಚ್ಚಾಕತ್ತೀರಿ?”

“ಯಾವುದೂ ಇಲ್ರಿ. ನಮ್ಮ ಮನ್ಯಾಗ ಅದೆಲ್ಲಾ ನಡಿಯಂಗಿಲ್ಲ. ಬರೇ ಬೇರಿನ ಎಣ್ಣಿ” ಅಂದೆ, ಗತ್ತಿನಿಂದಲೇ.

“ಯಾವ ಬೇರ್ರಿ?”

ಅಷ್ಟು ಪೆಟ್ಟಿಗೆಗಳನ್ನು ಅಕ್ಷರ ಬಿಡದೆ ಓದಿದ ನನಗೆ ಅದೊಂದು ಗೊತ್ತಿರಲಿಲ್ಲ.

“ಅಮ್ಮಾರೆ, ಇದು ಮೈ ತುಂಬಿದ್ದಲ್ರಿ, ಬಾತಿದ್ದು” ಅಂದಳು ಡಾಕ್ಟರು. ಆ ಎಣ್ಣೆಯಲ್ಲಿ ಜೋರಾದ ಸ್ಟಿರಾಯ್ಡು ಇದ್ದೇ ಇದೆ, ರಕ್ತಪರೀಕ್ಷೆ ಮಾಡಿದರೆ ತಿಳಿಯುತ್ತದೆ ಅಂದಳು. ಕೂಸಿನ ಚರ್ಮ ತೆಳು, ಹಚ್ಚಿದ್ದೆಲ್ಲ ಒಳಗೆ ಇಳಿಯುತ್ತದೆ. ಹೊರಗಿನಿಂದ ಸ್ಟಿರಾಯ್ಡು ಬರುತ್ತಿದ್ದರೆ ಒಳಗೆ ಅಂಥದ್ದನ್ನು ಮಾಡುವ ಗ್ರಂಥಿ ಕೆಲಸ ಬಿಟ್ಟು ಮಲಗುತ್ತದೆ. ಹಾಗಂತ ಒಮ್ಮೆಗೇ ನಿಲ್ಲಿಸುವಂತೆಯೂ ಇಲ್ಲ. ನಿಲ್ಲಿಸಿದ ಮೇಲೆ ಒಂದು ಸಣ್ಣ ಜ್ವರ ಬಂದರೂ ಕೂಸು ತಡೆಯಲಾರದು, ಜೀವಕ್ಕೇ ಕುತ್ತು ಬರಬಹುದು. ಔಷಧ ಕೊಟ್ಟು ಹಂತ ಹಂತವಾಗಿ ಇಳಿಸಬೇಕು. ಇದನ್ನು ಆಕೆ ಎರಡು ಸಲ ಹೇಳಿದಳು. ನಾನು ಎರಡು ಸಲವೂ ಕೇಳಿಸಿಕೊಂಡೆ. ಹುಡುಗನನ್ನು ಅಲ್ಲಿಯೇ ಭರ್ತಿ ಮಾಡಿಕೊಂಡರು.

ಹೊರಗೆ ಬಂದು ಮೊದಲು ಮಾಡಿದ ಕೆಲಸ ಆಯಿಗೆ ಫೋನು. ಅಲ್ಲಿಯವರೆಗೆ ಬರ್ರಿ ಹೋಗ್ರಿ ಅನ್ನುತ್ತಿದ್ದವಳು ಒಂದೇ ಏಟಿಗೆ ಏಕವಚನಕ್ಕಿಳಿದೆ.

“ಲುಚ್ಚಾ ಮುದುಕಿ, ಕೂಸಿನ ಜೀವಾ ತಗೀಬೇಕಂತ ಮಾಡಿದ್ದೇನು? ಆ ಹೊಲಸ ಎಣ್ಣಿ ಈಗಿಂದೀಗ ತಿಪ್ಪಿಗೆ ಚೆಲ್ಲು. ಇನ್ನೊಂದು ಕೂಸಿಗೆ ಒಂದು ಹನಿ ಹಚ್ಚೀದಿ ಅಂದ್ರ ಪೊಲೀಸ್ರನ್ನ ಕರ್ಕೊಂಡು ಬರ್ತೇನಿ!”

“ಏನಾತ್ರಿ ಅಕ್ಕೋರೆ, ಹುಡುಗಗ ಏನಾತು...” ಅನ್ನುತ್ತಿದ್ದಳು. ಫೋನು ಕುಕ್ಕಿದೆ. ಮನಸ್ಸಿಗೆ ಹಿತವೆನಿಸಿತು.

ನಾಲ್ಕನೆಯ ದಿನಕ್ಕೆ ಹುಡುಗ ಔಷಧಕ್ಕೆ ಹೊಂದಿಕೊಂಡ, ಇನ್ನು ಹೆದರಿಕೆಯಿಲ್ಲ ಅಂದರು. ನನಗೆ ಬೈದದ್ದು ಸಾಲದಾಗಿತ್ತು. ಮುಖ ನೋಡಿ ಬೈಯಬೇಕು, ಓಣಿಯ ಜನ ಕೂಡಬೇಕು, ಆಕೆಯ ಕೈಗುಣದ ಮಾನ ಹರಾಜಾಗಬೇಕು. ಮಗಳನ್ನು, ಕೂಸನ್ನು ದವಾಖಾನೆಯಲ್ಲಿ ಅಳಿಯನ ಜೊತೆ ಬಿಟ್ಟು ಒಂದು ಕಾರು ಮಾಡಿಕೊಂಡು ಕಿಣ್ಣಿ ಸುಲ್ತಾನಕ್ಕೆ ಹೋದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡೆ.

ಆಯಿ ಕಟ್ಟೆಯ ಮೇಲೆ ಹೊರಸಿನ ಬದಿಗೆ ಕೂತಿದ್ದಳು. ನನ್ನನ್ನು ನೋಡಿ ಎದ್ದು, ಸೆರಗು ಸರಿ ಮಾಡಿಕೊಂಡಳು. ನಾನು ಶುರು ಮಾಡಿದೆ. ಆಕೆ ಒಳಗೆ ಹೋಗಿ ಗೋಡೆಯ ಮಾಡದಿಂದ ಒಂದು ಟ್ಯೂಬು ತಂದು ನನ್ನ ಕೈಯಲ್ಲಿಟ್ಟಳು.

“ಇದೇ ನೋಡ್ರಿ. ನಾ ವಿಷ ಹಾಕಿಲ್ಲ, ದವಾ ಹಾಕೀನಿ. ನನ್ನ ಕುತ್ತಿಗಿಗೆ ಗಜಕರ್ಣ ಆದಾಗ ಔಷಧ ಅಂಗಡ್ಯಾಂವ ಕೊಟ್ಟಿದ್ದ. ಎರಡ ದಿನದಾಗ ಹೋತು. ಕೂಸಿಗೂ ಹೋಗ್ಲಿ ಅಂತ ಎಣ್ಣ್ಯಾಗ ಕಲಸೀನ್ರಿ.”

“ಬೇರು ಅಂತ ಸುಳ್ಳು ಯಾಕ ಹೇಳ್ದಿ?”

“ಟ್ಯೂಬು ಅಂದಿದ್ರ ನೀವು ಹಚ್ಚಗೊಡ್ತಿದ್ರೇನ್ರಿ? ಅಕ್ಷರ ಇದ್ದದ್ದೆಲ್ಲಾ ನಿಮ್ಮ ಮನ್ಯಾಗ ಬುಟ್ಟಿಗೆ ಬೀಳ್ತಿತ್ತು. ಕಣ್ಣಾರೆ ನೋಡೀನಿ.”

ನಾನು ಟ್ಯೂಬು ತಿರುಗಿಸಿದೆ. ಸಣ್ಣ ಮಕ್ಕಳಿಗೆ ಹಚ್ಚಬಾರದು ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆಯಿಗೆ ಕನ್ನಡವನ್ನೂ ಓದಲು ಬರದು. ಮಾರಿದವನು ಓದಿ ಹೇಳಿರಲಿಲ್ಲ. ಓದಬಲ್ಲವಳು ಕೇಳಿರಲಿಲ್ಲ.

ಆಗ ಹೊರಸಿನ ಮೇಲೆ ದುಪ್ಪಟಿಯೊಳಗೆ ಏನೋ ಮಿಸುಕಿತು. ಬಗ್ಗಿ ನೋಡಿದೆ. ಐದು ತಿಂಗಳಿನ ಹೆಣ್ಣುಕೂಸು. ಉಬ್ಬಿದ ಕೆನ್ನೆ, ಸಣ್ಣ ಕಣ್ಣು, ಹಣೆಯ ಮೇಲೆ ಕೂದಲು.

“ಇದು ಯಾರ ಕೂಸು?”

“ನನ್ನ ಮಗನ ಮಗಳ್ರಿ. ಹುಟ್ಟಿದಾಗಿಂದ ಇದಕ್ಕ ಎರಡೂ ಹೊತ್ತು ನಾನೇ ಹಚ್ಚಾಕಿ. ನೀವು ಫೋನ್ಯಾಗ ಅಂದ್ರೆಲ್ಲ, ಅವತ್ತೇ ಎಲ್ಲಾ ತಿಪ್ಪಿಗೆ ಚೆಲ್ಲೀನ್ರಿ. ನಾಕು ದಿನ ಆತು, ಇದಕ್ಕೂ ಒಂದು ಹನಿ ಹಚ್ಚಿಲ್ಲ, ಆಣಿ ಮಾಡ್ತೇನಿ. ನಿನ್ನಿಯಿಂದ ಮೈ ಸುಡಾಕತ್ತದ್ರಿ. ಹಾಲೂ ಕುಡೀವಲ್ಲದು.”

ಕೂಸಿನ ಹಣೆ ಮುಟ್ಟಿದೆ; ಅದು ಕಣ್ಣು ಕೂಡ ತೆರೆಯಲಿಲ್ಲ. ಒಮ್ಮೆಗೇ ನಿಲ್ಲಿಸಬಾರದು ಅಂತ ಎರಡು ಸಲ ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡು ಹತ್ತು ನಿಮಿಷಕ್ಕೆ ಫೋನು ಮಾಡಿ ಚೆಲ್ಲಿಸಿದ್ದೆ. ನನ್ನ ಮೊಮ್ಮಗನೊಬ್ಬನೇ ಕೂಸು ಅಂದುಕೊಂಡಿದ್ದೆ. ಆಕೆ ಎರೆಯುವ ಇನ್ನೆರಡು ಮನೆಗಳು ನೆನಪಿಗೆ ಬರಲಿಲ್ಲ, ಆಕೆಗೂ ಮೊಮ್ಮಕ್ಕಳಿರುತ್ತಾರೆ ಅನ್ನುವುದಂತೂ ತಲೆಗೇ ಹೊಳೆದಿರಲಿಲ್ಲ.

“ಕಾರು ಹತ್ತು, ಲಗೂನ ಹತ್ತು” ಅಂತ ಕೂಗಿದೆ. ಆಯಿ ಚಪ್ಪಲಿ ಮೆಟ್ಟಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಕಾರಿನಲ್ಲಿ ಕೂತೇ ಡಾಕ್ಟರಿಗೆ ಫೋನು ಮಾಡಿದೆ, ಆಳಂದದ ಆ ಎರಡು ಮನೆಗಳಿಗೂ ಮಾಡಿ ಕೂಸುಗಳನ್ನು ಈಗಲೇ ದವಾಖಾನೆಗೆ ಒಯ್ಯಿರಿ ಅಂದೆ. ಕಲಬುರಗಿ ಮುಟ್ಟುವವರೆಗೂ ಆಯಿ ಒಂದೇ ಮಾತು ಹೇಳುತ್ತಿದ್ದಳು: “ಎಣ್ಣಿ ಬಿಟ್ಟೀನ್ರಿ ಅಕ್ಕೋರೆ, ಖರೇನ ಬಿಟ್ಟೀನಿ.”

ಕೂಸು ಬದುಕಿತು. ಒಂದು ವಾರ ಅದರ ಸಣ್ಣ ಕೈಗೆ ಸೂಜಿ ಚುಚ್ಚಿಟ್ಟಿದ್ದರು, ಎರಡು ದಿನ ಡಾಕ್ಟರು ಭರವಸೆ ಕೊಡಲಿಲ್ಲ. ಆ ಎರಡು ಮನೆಯ ಕೂಸುಗಳಿಗೂ ಚಿಕಿತ್ಸೆಯಾಯಿತು. ನನ್ನ ಮೊಮ್ಮಗನ ಕೆನ್ನೆ ಇಳಿದು ಅವನ ಸ್ವಂತ ಮುಖ ಬಂದಿದೆ. ಬೀಗತಿ ಬಂದು, ಸೊರಗಿದ್ದಾನೆ ಅಂತ ಬೇಜಾರು ಮಾಡಿಕೊಂಡು ಹೋದಳು.

ಅಕ್ಕೋರು ಹೊತ್ತಿಗೆ ಸರಿಯಾಗಿ ಬರದಿದ್ದರೆ ನನ್ನ ಮೊಮ್ಮಗಳು ಇರುತ್ತಿರಲಿಲ್ಲ ಅಂತ ಆಯಿ ಊರ ತುಂಬ ಹೇಳಿಕೊಂಡು ಬರುತ್ತಾಳೆ. ಒಂದು ಜ್ವರಕ್ಕೇ ಕೂಸು ಯಾಕೆ ಅಷ್ಟು ಕುಸಿಯಿತು ಅಂತ ಆಕೆಗೆ ಯಾರೂ ತಿಳಿಸಿಲ್ಲ. ತಿಳಿಸಬೇಕಾದವಳು ನಾನೊಬ್ಬಳೇ. ಹೋದ ವಾರ ಆಯಿ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು, ಅದನ್ನು ನನ್ನ ಮಡಿಲಲ್ಲಿ ಹಾಕಿ, ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.