ಚೌಕಾಸಿಯಿಲ್ಲದೆ ಪಾಸಾದ ಅಡುಗೆಮನೆ

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ: ಚೌಕಾಸಿ ಮಾಡದೆ ಕೊಂಡ ಕೊತ್ತಂಬರಿ ಸೊಪ್ಪು ನನಗೆ ಘಮ್ಮೆನ್ನುವುದಿಲ್ಲ. ಮೂರು ಭಾಷೆಯ ಗಡಿಯೂರಾದ ನಮ್ಮ ಹೊಸೂರಿನ ಸಂತೆಯಲ್ಲಿ ಇದಕ್ಕೊಂದು ಕ್ರಮವಿದೆ, ನಿಮಗೂ ಉಪಯೋಗಕ್ಕೆ ಬರಬಹುದು. ಬೆಲೆಯನ್ನು ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಬೆಚ್ಚಿಬಿದ್ದು, ತಮಿಳಿನಲ್ಲಿ ಎದ್ದು ಹೊರಡಬೇಕು. ನಾಲ್ಕು ಹೆಜ್ಜೆಯೊಳಗೆ ಯಾವುದಾದರೂ ಒಂದು ಭಾಷೆಯಲ್ಲಿ ವಾಪಸು ಕರೆಯುತ್ತಾರೆ.

ಹೊಟ್ಟೆಪಾಡಿಗೆ ನಾನು ಕಾರ್ಟೂನ್ ಜಾಹೀರಾತುಗಳ ಲೇಔಟ್ ಕಲಾವಿದ. ಹಾಗೆಂದರೆ ಏನೆಂದು ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಟೀವಿಯಲ್ಲಿ ಗೊಂಬೆಗಳು ಕುಣಿಯುತ್ತವಲ್ಲ, ಅವನ್ನು ಬರೆಯುವವರು ಬೇರೆ. ಅವು ಎಲ್ಲಿ ನಿಂತು ಕುಣಿಯಬೇಕು, ಹಿಂದೆ ಯಾವ ಗೋಡೆ, ನೋಡುವವರ ಕಣ್ಣು ಎಷ್ಟು ಎತ್ತರದಲ್ಲಿದೆ ಎಂದು ಗೆರೆ ಎಳೆದು ಗೊತ್ತುಮಾಡುವವನು ನಾನು. ಮದುವೆಗೆ ಚಪ್ಪರ ಹಾಕಿದವನ ಹಾಗೆ. ಚಪ್ಪರ ಬಿದ್ದರೆ ಮಾತ್ರ ಹೆಸರು ಕೇಳುತ್ತಾರೆ. ಅಂಗಡಿಗಳ ಬೋರ್ಡು ಬರೆಯುತ್ತಲೇ ಕಲಿತ ವಿದ್ಯೆ ಇದು.

ಕೆಲಸದಲ್ಲೂ ನನ್ನದು ಸಂತೆಯ ಬುದ್ಧಿಯೇ. ಜಾಹೀರಾತು ಕೊಡುವ ಕಂಪನಿಯವರು ಏನನ್ನಾದರೂ ತೆಗೆಸದೆ ಚಿತ್ರ ಒಪ್ಪುವವರಲ್ಲ. ತೆಗೆಸದಿದ್ದರೆ ತಾವು ನೋಡಿದ್ದಕ್ಕೆ ಸಾಕ್ಷಿ ಏನು? ಆದ್ದರಿಂದ ತೆಗೆಸಲಿ ಎಂದೇ ನಾಲ್ಕು ಸಾಮಾನು ಹೆಚ್ಚಿಗೆ ಬರೆದಿಡುತ್ತೇನೆ. ಅವರು ಅವನ್ನು ಹೊಡೆದುಹಾಕಿ ಸಮಾಧಾನಪಡುತ್ತಾರೆ, ನನಗೆ ಬೇಕಾದದ್ದು ಉಳಿಯುತ್ತದೆ.

ಹೋದ ವರ್ಷ ಸಾರಿನ ಪುಡಿಯ ಜಾಹೀರಾತೊಂದು ಬಂತು. ಹಳ್ಳಿ ಅಡುಗೆಮನೆ, ಮುದ್ದೆ ಉಣ್ಣುವ ಒಂದು ಮಗು. ಡೆಂಕಣಿಕೋಟೆ ಪಕ್ಕದ ನಮ್ಮೂರಿಗೆ ಹೋಗಿ ದೊಡ್ಡಮ್ಮನ ಅಡುಗೆಮನೆಯನ್ನೇ ಬರೆದುಕೊಂಡೆ. ಅವಳು ಇವತ್ತಿಗೂ ನೆಲದ ಒಲೆಯ ಮುಂದೆ ಮಣೆ ಹಾಕಿ ಕೂತು ಅಡುಗೆ ಮಾಡುವವಳು. ಅವಳ ಕಣ್ಣಿನ ಎತ್ತರಕ್ಕೇ ಗೆರೆ ಎಳೆದೆ. ಹಳೆಯ ಗುಡಿಗೋಡೆಗಳ ಮೇಲೆ ಬರೆದವರಿಗೆ ಈ ಕಣ್ಣೆತ್ತರದ ತಾಪತ್ರಯವಿರಲಿಲ್ಲ. ರಾಜ ಮುಖ್ಯನಾದರೆ ಅವನನ್ನು ಆನೆಗಿಂತ ದೊಡ್ಡದಾಗಿ ಬರೆದು ಕೈತೊಳೆದುಕೊಂಡರು. ನಾನು ಗೆರೆಗಳಲ್ಲಿ ಮುಳುಗಿದ್ದಾಗ ದೊಡ್ಡಮ್ಮ, ತನ್ನ ಒಲೆ ಟೀವಿಯಲ್ಲಿ ಬರುತ್ತದೆಂದು ಓರಗಿತ್ತಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ಹೇಳಿಯೂ ಆಗಿತ್ತು. ಚಿಕ್ಕಮ್ಮ ಗ್ಯಾಸು, ಟೈಲ್ಸು ಹಾಕಿಸಿಕೊಂಡವಳು.

“ಮಸಿ ಒಲೆ ತೋರ್ಸಕ್ಕೆ ಟೀವಿಯೋರ್ಗೇನು ಬುದ್ಧಿ ಕೆಟ್ಟೈತಾ, ಅಕ್ಕಾ?” ಎಂದಳು.

“ನೋಡೀಯಂತೆ ಸುಮ್ಕಿರು,” ಎಂದ ದೊಡ್ಡಮ್ಮ ನನ್ನ ಕಡೆ ತಿರುಗಿದಳು. “ನನ್ ಮಾನ ತೆಗೀಬ್ಯಾಡ ಕಣ್ಲಾ.”

ಒಲೆ ಉಳಿಯಲೇಬೇಕಿತ್ತು. ಹಾಗಾಗಿ ತೆಗೆಸುವುದಕ್ಕೆ ಈ ಸಲ ಧಾರಾಳವಾಗಿ ಕೊಟ್ಟೆ: ಒಲೆಯ ಮುಂದೆ ಎರಡು ಹಿತ್ತಾಳೆ ಕೊಡ, ಕುಂಬಳಕಾಯಿ ರಾಶಿ, ಮೊರ, ಒಂದು ಬೆಕ್ಕು, ಬೆಕ್ಕಿಗೊಂದು ಮರಿ. ಕಂಪನಿಯವರು ನೋಡಿದರು. “ಸೂಪರ್ ಸಾರ್, ಒಂದು ಗೆರೇನೂ ಮುಟ್ಟಬೇಡಿ,” ಎಂದರು.

ಚೌಕಾಸಿಗಾರನಿಗೆ ಇದಕ್ಕಿಂತ ದೊಡ್ಡ ಏಟು ಇಲ್ಲ. ಹೇಳಿದ ಬೆಲೆಗೇ ಒಪ್ಪಿಬಿಟ್ಟರೆ ಎಂಥವನೂ ಮೂಕನಾಗುತ್ತಾನೆ. ನೋಡುವವರ ಕಣ್ಣು ಮಣೆಯ ಮೇಲೆ ಕೂತವರಷ್ಟು ತಗ್ಗಿನಲ್ಲಿದ್ದ ಮೇಲೆ ಮುಂದಿರುವ ಕೊಡ ಹಿಂದಿನ ಒಲೆಯನ್ನೆಲ್ಲ ನುಂಗುತ್ತದೆ. ನಾನೇ ಕೆಲವನ್ನು ತೆಗೆಯುತ್ತೇನೆಂದು ಅಂಗಲಾಚಿದೆ. ಆಗುವುದಿಲ್ಲ, ಬೆಕ್ಕಿನ ಮರಿ ಕಂಪನಿ ಯಜಮಾನರ ಹೆಂಡತಿಗೆ ಹಿಡಿಸಿಬಿಟ್ಟಿತ್ತಂತೆ.

ಜಾಹೀರಾತು ಬಂದ ದಿನ ಚಿಕ್ಕಮ್ಮನ ಮನೆಯಲ್ಲೇ ಎಲ್ಲರೂ ಕೂತಿದ್ದೆವು. ಧಾರಾವಾಹಿಯ ನಡುವೆ ಬಂತು: ಕೊಡ, ಕುಂಬಳ, ಮೊರ, ಬೆಕ್ಕು, ಮರಿ. ಒಲೆ ಇವುಗಳ ಹಿಂದೆಲ್ಲೋ ಇತ್ತು; ಅದು ನನಗೊಬ್ಬನಿಗೇ ಗೊತ್ತು. ಮಗು ಹೊಗೆಯಾಡುವ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿ, ನಕ್ಕಿತು. ಮುಗಿಯಿತು.

“ಎಲ್ಲಕ್ಕಾ ನಿನ್ನೊಲೆ?” ಚಿಕ್ಕಮ್ಮ ಈ ಪ್ರಶ್ನೆಯನ್ನು ತಿಂಗಳುಗಟ್ಟಲೆ ಹದಮಾಡಿ ಇಟ್ಟುಕೊಂಡಿದ್ದಳು. ಕಣ್ಣಿನ ಎತ್ತರ, ತಗ್ಗು ಎಲ್ಲ ವಿವರಿಸೋಣವೆಂದು ನಾನು ಬಾಯಿ ತೆರೆದೆ.

ದೊಡ್ಡಮ್ಮ ಅಲುಗಲಿಲ್ಲ. “ಆ ಮಗ ಉಂಡಿದ್ದು ಬಿಸಿ ಮುದ್ದೆ ತಾನೆ? ಹೊಗೆ ಆಡ್ತಿತ್ತು ತಾನೆ? ಅದೇನು ನಿನ್ ಗ್ಯಾಸ್ ಮ್ಯಾಲೆ ಬೆಂದಿತ್ತೇನೆ?”

ಚಿಕ್ಕಮ್ಮ ಟೀವಿಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ ಕಾಫಿಗಿಡಲು ಎದ್ದಳು. ಮನೆಯಲ್ಲಿ ಇಂಥವರಿರುವಾಗ ನೀವು ವಿವರಿಸಲು ಹೋಗಬೇಡಿ. ತೆರೆದಿದ್ದ ಬಾಯನ್ನು ನಾನು ಕಾಫಿಗೆ ಬಳಸಿಕೊಂಡೆ.