ಗಡಿಗೆ ಬಡಿದು ಕೇಳುವುದು

ಮಾನ್ವಿಯ ನಮ್ಮ ಮನೆಯಲ್ಲಿ ಹೊಸ ನೀರಿನ ಗಡಿಗೆಯ ಬುಡಕ್ಕೆ ಹಾಸಿದ ಗೋಣಿಚೀಲ ಬೆಳಗಾಗುವುದರೊಳಗೆ ತೊಯ್ದು ತಪ್ಪಡಿಯಾಗಿತ್ತು. ಹೊಸ ಗಡಿಗೆ ಬೆವರುತ್ತದೆ, ನಿಮಗೂ ಗೊತ್ತು. ಇದು ಬೆವರಲ್ಲ, ಸೋರಿಕೆ. ಸಂತೆಯಿಂದ ಅದನ್ನು ಆರಿಸಿ ತಂದವಳು ನನ್ನ ಮೊಮ್ಮಗಳು ರೇಣುಕಾ.

ದೇವದುರ್ಗದ ನನ್ನ ತವರಿನಲ್ಲಿ ಗಡಿಗೆಯನ್ನು ಕಣ್ಣಿನಿಂದ ಕೊಳ್ಳುತ್ತಿರಲಿಲ್ಲ. ಎಡಗೈ ಮೇಲೆ ಎತ್ತಿ ಹಿಡಿದು, ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಯ ಹತ್ತಿರ ತಂದು ಕೇಳುತ್ತಿದ್ದೆವು. ಚೆನ್ನಾಗಿ ಬೆಂದದ್ದು ಕಂಚಿನಂತೆ ಖಣ್ ಎನ್ನುತ್ತದೆ, ಸೀಳು ಬಿಟ್ಟದ್ದು ಬೊದ್ದ ದನಿ ಹೊರಡಿಸುತ್ತದೆ. ಇದನ್ನು ರೇಣುಕಾ ಸಣ್ಣವಳಿದ್ದಾಗಲೇ ನನಗಿಂತ ಚುರುಕಾಗಿ ಕಲಿತಿದ್ದಳು. ಹಾಗಾಗಿ ತಪ್ಪು ಸಂತೆಯಲ್ಲಿ ಅದನ್ನು ಮಾರಿದ ಕುಂಬಾರ ಈರಮ್ಮನದೇ ಎಂದು, ಗಡಿಗೆ ಎತ್ತಿಕೊಂಡು, ಮೊಮ್ಮಗಳನ್ನು ಕರೆದುಕೊಂಡು ಜಗಳಕ್ಕೆ ಹೋದೆ.

"ಏನಬೇ ಈರಮ್ಮ, ಹುಡುಗಿ ಜಡ್ಡಿನಿಂದ ಎದ್ದಾಳಂತ ಒಡಕ ಗಡಿಗಿ ದಾಟಿಸೀಯೇನು?"

"ನಾಲಗಿ ಹಿಡದು ಮಾತಾಡಬೇ ಮುದುಕಿ! ಎಲ್ಲಾ ಬಡದು ನೋಡಿ ಆಕಿನೇ ಎತಗೊಂಡು ಹೋಗ್ಯಾಳ."

ನಾನು ಒಳ್ಳೆಯದೊಂದನ್ನು ರೇಣುಕಾಳ ಕಿವಿಗೆ ಹಿಡಿದು ಬಡಿದೆ, ಆಮೇಲೆ ಒಡಕನ್ನು ಬಡಿದೆ.

"ಎರಡೂ ಒಂದ ಅದಾವಲ್ಲ, ಯವ್ವಾ," ಎಂದಳು ರೇಣುಕಾ.

ಈರಮ್ಮ ಒಡಕು ಗಡಿಗೆಯನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟಳು.

ರೇಣುಕಾಳ ಮೈ ರಕ್ತ ಹುಟ್ಟಿಸುವುದನ್ನೇ ಬಿಟ್ಟಿದ್ದಾಗ ದೂರದ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಅವಳ ಅಕ್ಕನ ಮೈಯಿಂದ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ತೆಗೆದು ಅವಳಿಗೆ ಕಸಿ ಮಾಡಿದ್ದರು. ಕಸಿ ಎಂದರೆ ನನಗೆ ಗೊತ್ತಿದ್ದದ್ದು ಮಾವಿನದು. ಇದೂ ಹತ್ತಿತು, ಬದುಕಿದಳು. ಬಂದಮೇಲೆ ಹಿತ್ತಲಿನಿಂದ ನಾನು ಕೂಗಿದರೆ ತಿರುಗುತ್ತಿರಲಿಲ್ಲ, ಅಪ್ಪನ ದಪ್ಪ ದನಿಗೆ ಮಾತ್ರ ಓಗೊಡುತ್ತಿದ್ದಳು. ಸಾವು ಕಂಡು ಬಂದವಳಿಗೆ ಮನೆಯವರು ಹಗುರಾದರೆಂದು ನಾವು ಆಡಿಕೊಂಡೆವು.

ಗಡಿಗೆಯ ಜಗಳದ ಬಳಿಕ ಕರೆದೊಯ್ದಾಗ ರಾಯಚೂರಿನ ಕಿವಿ ವೈದ್ಯರು ಅವಳನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು.

"ಅಜ್ಜಿ, ಕಸಿ ಆದಾಗ ರಕ್ತಕ್ಕ ನಂಜು ಏರಿತ್ತಲ್ಲ, ಅದಕ್ಕ ಕೊಟ್ಟ ಔಷಧ ಕಿವಿ ಒಳಗ ಹೊಡತ ಕೊಟ್ಟದ. ಸಣ್ಣ ದನಿ ಮೊದಲು ಹೋಗ್ತಾವ. ಹೋದದ್ದು ಬರಂಗಿಲ್ಲ. ಯಂತ್ರ ಹಾಕಿದ್ರ ಮಾತು ತಿಳೀತಾವ."

"ಆ ಔಷಧ ಕೊಡದಿದ್ರ?"

"ಹುಡುಗಿ ಉಳೀತಿರಲಿಲ್ಲ."

"ಹಂಗಂದ್ರ ಬೈಯಾಕೂ ಯಾರೂ ಸಿಗಲಿಲ್ಲ ಬಿಡ್ರಿ."

ಜೀವ ಉಳಿಯಿತಲ್ಲ, ಕಿವಿ ಹೋದರೇನು ಎಂದು ನೋಡಲು ಬಂದವರು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಜೀವ ಎಂದರೆ ಬರೀ ಉಸಿರಾಡುವುದೇ? ಬಳೆಯ ಸದ್ದು, ಗುಬ್ಬಿ, ಒಲೆಯ ಮೇಲೆ ಹಾಲು ಸುಯ್ಯೆನ್ನುವುದು, ಇವೆಲ್ಲ ಅವಳ ಪಾಲಿಗೆ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿವೆ. ಈಗ ಕೇಳಿಸುವಷ್ಟಾದರೂ ಉಳಿಯುತ್ತದೆಯೇ ಎಂದು ಕೇಳಿದರೆ ವೈದ್ಯರು, ನೋಡೋಣ, ಎಂದರು. ಆ ಮಾತನ್ನು ನಾನು ಅವಳಿಗೆ ಮುಟ್ಟಿಸಿಲ್ಲ.

ಮೊನ್ನೆ ಮತ್ತೆ ಈರಮ್ಮನ ಹತ್ತಿರ ಹೋದೆವು. ರೇಣುಕಾಳ ಕಿವಿಯಲ್ಲಿ ಯಂತ್ರವಿತ್ತು. ಗಡಿಗೆಯನ್ನು ಮೊದಲಿನ ಹಾಗೆಯೇ ಎಡಗೈ ಮೇಲೆ ಎತ್ತಿ ಗೆಣ್ಣಿನಿಂದ ಬಡಿದಳು; ಆದರೆ ಕಿವಿಯ ಹತ್ತಿರ ತರಲಿಲ್ಲ. ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿ ಬಡಿದಳು, ಮತ್ತೆ ನನ್ನ ಮುಖ ನೋಡಿದಳು. ಗಡಿಗೆ ಪ್ರತಿ ಬೇಸಿಗೆಗೂ ಹೊಸದು ಬೇಕು. ಈ ಮುಖ ಎಷ್ಟು ಬೇಸಿಗೆ ಬಂದೀತು?